ಜಡ್ಜ್ ತಪ್ಪು ಮಾಡಿದರೆ ಕೇಳುವವರು ಯಾರು?

ನೀಲಿಮೂಲೆ: 1988ರ ಸಿಯೋಲ್ ಒಲಿಂಪಿಕ್ಸ್ ಬಾಕ್ಸಿಂಗ್ ಫೈನಲ್. ರಾಯ್ ಜೋನ್ಸ್ ಹಾಕಿದ್ದು 86 ಏಟು, ಪಾರ್ಕ್ ಸಿ-ಹುನ್ 32. ಗೆದ್ದದ್ದು ಪಾರ್ಕ್, 3-2ರಲ್ಲಿ! ಜಡ್ಜ್‌ಗಳು ಪ್ರತಿ ರೌಂಡಿಗೂ ಕಾರಣ ಬರೆದುಕೊಡಲಿ. ತಪ್ಪಿದರೆ ಮನೆಗೆ ಹೋಗಲಿ.

ಹಳೇಕೋಚ್: "ಮನೆಗೆ ಹೋಗಲಿ" ಅಂದುಬಿಟ್ಟರೆ ಆಯ್ತಾ? ಒಂದು ದಿನ ಜಡ್ಜ್ ಆಗಿ ಕರಾಟೆ ಮ್ಯಾಟ್ ಅಂಚಿನಲ್ಲಿ ಕೂತು ನೋಡಿ. ನಾನು ಕೂತಿದ್ದೇನೆ. ಗುದ್ದು ಹೋಗಿ ವಾಪಸ್ ಬಂದಿರುತ್ತದೆ, ನನಗೆ ಕಂಡದ್ದು ರೆಫರಿಯ ಬೆನ್ನು. ಆ ಗಳಿಗೆಯಲ್ಲೇ ಬಾವುಟ ಎತ್ತಬೇಕು.

ಸೆನ್ಸರ್‌ಪ್ರಿಯ: ಬೆನ್ನು ಅಡ್ಡ ಬಂದರೆ ಯಂತ್ರ ತನ್ನಿ. ಟೇಕ್ವಾಂಡೋದವರು ತಂದರಲ್ವಾ? 2012ರ ಲಂಡನ್‌ನಲ್ಲಿ ಎದೆಕವಚಕ್ಕೆ ಸೆನ್ಸರ್, 2016ರ ರಿಯೋದಲ್ಲಿ ಹೆಲ್ಮೆಟ್‌ಗೂ. ಯಂತ್ರಕ್ಕೆ ನೆಂಟರಿಲ್ಲ.

ಹಳೇಕೋಚ್: ಆಮೇಲೇನಾಯ್ತು ಅಂತಲೂ ಹೇಳಿ. ಒಂಟಿಕಾಲಲ್ಲಿ ನಿಂತು ಇನ್ನೊಂದು ಕಾಲಲ್ಲಿ ಕವಚ ಸವರುವುದೇ ಆಟವಾಯ್ತು.

ಮೂರನೇಸಾಲು: ಬಾಕ್ಸಿಂಗ್‌ನಲ್ಲೂ 1992ರಿಂದ ಬಟನ್ ಇತ್ತು. ಐವರು ಜಡ್ಜ್‌ಗಳಲ್ಲಿ ಮೂವರು ಒಂದೇ ಸೆಕೆಂಡಿನೊಳಗೆ ಒತ್ತಿದರೆ ಪಾಯಿಂಟ್. ಒಂದು ಬೆರಳು ತಡವಾದರೆ ಗುದ್ದು ನೀರುಪಾಲು. ಅದಿರಲಿ, ಬಾಕ್ಸಿಂಗ್ ಸಮರಕಲೆಯೇ ಅಲ್ಲ.

ನೀಲಿಮೂಲೆ: ಮತ್ತೇನು, ಕಣ್ಣಾಮುಚ್ಚಾಲೆಯಾ?

ಮೂರನೇಸಾಲು: ಒದೆ ಇಲ್ಲ, ಪಟ್ಟು ಇಲ್ಲ, ಬೆಲ್ಟ್ ಇಲ್ಲ.

ಸೆನ್ಸರ್‌ಪ್ರಿಯ: ಬೆಲ್ಟ್ ಇಲ್ವಾ? ಚಾಂಪಿಯನ್ ಸೊಂಟಕ್ಕೆ ಕಟ್ಟಿಕೊಳ್ಳುವುದು ಏನಂತೆ?

ಮೂರನೇಸಾಲು: ಅದು ಬಹುಮಾನ ಸ್ವಾಮಿ. ನಾನು ಹೇಳಿದ್ದು ಕಲಿಕೆಯ ಮೆಟ್ಟಿಲು.

ಸೆನ್ಸರ್‌ಪ್ರಿಯ: ಜೂಡೋದಲ್ಲೂ ಒದೆ ಇಲ್ಲ. ಅದನ್ನೂ ಹೊರಗೆ ಹಾಕಿ.

ಮೂರನೇಸಾಲು: ಸುಮ್ನೆ ಮಾತು ತಿರುಚಬೇಡಿ.

ನೀಲಿಮೂಲೆ: ತಿರುಚಿದ್ದು ಯಾರು? ನಾನು ಕೇಳಿದ್ದು ಜಡ್ಜ್‌ಗಳ ಲೆಕ್ಕ, ನೀವು ಎಳೆದಾಡುತ್ತಿರುವುದು ಬೆಲ್ಟು! ರಿಯೋದಲ್ಲಿ ಕೂತ ಬಾಕ್ಸಿಂಗ್ ಜಡ್ಜ್, ರೆಫರಿಗಳಲ್ಲಿ ಒಬ್ಬರನ್ನೂ ಮುಂದಿನ ಟೋಕಿಯೋ ಒಲಿಂಪಿಕ್ಸ್‌ಗೆ ಕರೆಯಲಿಲ್ಲ. ಮನಸ್ಸು ಮಾಡಿದರೆ ಆಗುತ್ತದೆ.

ಹಳೇಕೋಚ್: "ಒಬ್ಬರನ್ನೂ" ಅಂದಿರಲ್ಲ, ಅದೇ ಅನ್ಯಾಯ. 36 ಜನರಲ್ಲಿ ನೆಟ್ಟಗೆ ನೋಡಿದವರು ಯಾರೂ ಇರಲಿಲ್ವಾ?

ಸೆನ್ಸರ್‌ಪ್ರಿಯ: ಅದಕ್ಕೇ ಕ್ಯಾಮೆರಾ ಬೇಕು ಅನ್ನುವುದು. 2008ರ ಬೀಜಿಂಗ್‌ನಲ್ಲಿ ಟೇಕ್ವಾಂಡೋದ ಸಾರಾ ಸ್ಟೀವನ್‌ಸನ್ ಒದೆ ಎದುರಾಳಿಯ ತಲೆಗೇ ಬಿತ್ತು. ಜಡ್ಜ್‌ಗಳು ಪಾಯಿಂಟ್ ಕೊಡಲಿಲ್ಲ. ವಿಡಿಯೊ ನೋಡಿದ ಮೇಲೆ ಫಲಿತಾಂಶವೇ ತಿರುಗಿತು.

ಹಳೇಕೋಚ್: ಟೋಕಿಯೋ ಕರಾಟೆ ಫೈನಲ್‌ನ ಒದೆಯೂ ಎಲ್ಲರಿಗೂ ಕಂಡಿತ್ತು. ಕರಾಟೆಯಲ್ಲಿ ಏಟು ತೀರಾ ಜೋರಾದರೆ ತಪ್ಪು. ಜೋರು ಜಾಸ್ತಿಯಾಯ್ತಾ ಅನ್ನುವುದನ್ನು ಯಾವ ಕ್ಯಾಮೆರಾ ಹೇಳುತ್ತದೆ? 4-1ರಿಂದ ಮುಂದಿದ್ದ ತಾರೆಗ್ ಹಮೇದಿ ಅನರ್ಹ. ಸ್ಟ್ರೆಚರ್ ಮೇಲೆ ಹೋದವನಿಗೆ ಚಿನ್ನ.

ಮೂರನೇಸಾಲು: "ಸ್ಟ್ರೆಚರ್ ಮೇಲೆ ಹೋದವನಿಗೆ ಚಿನ್ನ." ಬಾಕ್ಸಿಂಗ್‌ನಲ್ಲಾದರೆ ನಾಕೌಟ್, ಮಲಗಿದವನಿಗೆ ಸೋಲು. ಎರಡೂ ಬೇರೆ ಅಂದಿದ್ದು ಇದಕ್ಕೇ.

ನೀಲಿಮೂಲೆ: ಮತ್ತೆ ಶುರುವಾಯ್ತಾ!