ಅಜ್ಜಿಯ ಜೀವನಚರಿತ್ರೆಯಲ್ಲಿ ಅಜ್ಜಿಯೇ ಕಾಣುತ್ತಿಲ್ಲ: ಏನು ಬರೆಯಲಿ?

ಪ್ರಶ್ನೆ (ಉಡುಪಿ ಕಡೆಯವನು, ಈಗ ಬೆಂಗಳೂರಿನಲ್ಲಿ)

ಹಿರಿಯರಿಗೂ ಸ್ನೇಹಿತರಿಗೂ ವಂದನೆಗಳು. ನನ್ನ ತಂದೆಯ ತಾಯಿ ಕಳೆದ ತಿಂಗಳು ತಮ್ಮ 94ನೆಯ ವಯಸ್ಸಿನಲ್ಲಿ ತೀರಿಕೊಂಡರು. ನಮ್ಮದು ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಶನ್ ಎಂಬ ಪ್ರೊಟೆಸ್ಟಂಟ್ ಕ್ರೈಸ್ತ ಸಂಸ್ಥೆಯ ಪರಂಪರೆಯ ಕುಟುಂಬ, ಈಗ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗೆ ಸೇರಿದವರು. ಅಂತ್ಯಕ್ರಿಯೆಯ ಆರಾಧನೆಯಲ್ಲಿ ತೀರಿಕೊಂಡವರ ಜೀವನಚರಿತ್ರೆಯನ್ನು ಓದುವ ವಾಡಿಕೆ ನಮ್ಮಲ್ಲಿದೆ. ಅಂದು ಓದಿದ್ದು ಅರ್ಧ ಹಾಳೆ. ಅದರಲ್ಲಿ ಅಜ್ಜಿಯ ತಂದೆ ಮಿಶನ್ ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದದ್ದು, ಅಜ್ಜ ಮಿಶನ್ ಶಾಲೆಯ ಉಪಾಧ್ಯಾಯರಾಗಿ ಎಲ್ಲೆಲ್ಲಿಗೆ ವರ್ಗವಾದರು ಎಂಬುದು, ಮಕ್ಕಳ ಉದ್ಯೋಗಗಳು, ಎಲ್ಲವೂ ಇದ್ದವು. ಅಜ್ಜಿಯ ಪಾಲಿಗೆ ಬಂದದ್ದು ಮೂರೇ ಕ್ರಿಯಾಪದಗಳು: ಹುಟ್ಟಿದರು, ಮದುವೆಯಾದರು, ಕರ್ತನಲ್ಲಿ ನಿದ್ರೆಹೋದರು.

ಬರುವ ತಿಂಗಳ ಸ್ಮರಣೆಯ ಕೂಟಕ್ಕೆ ಎರಡು ಪುಟ ಬರೆದುಕೊಡುವಂತೆ ಸಭಾಪಾಲಕರು (ಪಾದ್ರಿಗಳು) ನನಗೆ ಹೇಳಿದ್ದಾರೆ. ನನಗೆ ಗೊತ್ತಿರುವುದು ಇಷ್ಟು. ಶನಿವಾರ ಮಧ್ಯಾಹ್ನ ಊಟದ ಪಾತ್ರೆಗಳನ್ನು ತೊಳೆದಿಟ್ಟು ದೇವಾಲಯಕ್ಕೆ ಹೋಗಿ, ಹಿತ್ತಾಳೆಯ ಹೂದಾನಿಗಳನ್ನು ಹುಣಿಸೆಹುಳಿ ಹಾಕಿ ಬೆಳಗಿ, ಕರ್ತನ ಭೋಜನದ ಮೇಜಿನ ಬಿಳಿ ಬಟ್ಟೆಯನ್ನು ಮನೆಗೆ ತಂದು ಗಂಜಿ ಹಾಕಿ ಒಣಗಿಸಿ ಇಸ್ತ್ರಿ ಮಾಡಿ, ಮರುದಿನ ಆರಾಧನೆಯ ಮೊದಲ ಗಂಟೆ ಬಾರಿಸುವ ಮುಂಚೆ ಹಾಸಿ ಬರುತ್ತಿದ್ದರು. ಭಾನುವಾರ ಶಾಲೆಯಲ್ಲಿ ಚಿಕ್ಕ ಮಕ್ಕಳ ತರಗತಿ ಅವರದೇ ಆಗಿತ್ತು. ಮನೆಯಲ್ಲಿ ಮಾತು ತುಳು, ಪ್ರಾರ್ಥನೆ ಮಾತ್ರ ಕನ್ನಡ. ಬೈಗುಳವನ್ನೂ ಪ್ರಾರ್ಥನೆಯನ್ನೂ ಎಂದೂ ಒಂದೇ ಭಾಷೆಯಲ್ಲಿ ಬೆರೆಸಿದವರಲ್ಲ. ಅಡುಗೆಗೆ ಅಕ್ಕಿ ಅಳೆದಾಗಲೆಲ್ಲ ಅದರಿಂದ ಒಂದು ಹಿಡಿಯನ್ನು ತೆಗೆದು ಬೇರೊಂದು ಡಬ್ಬಿಗೆ ಹಾಕುತ್ತಿದ್ದರು. ಉತ್ಪ್ರೇಕ್ಷೆಯಿಲ್ಲದೆ, ಯಾವ ದಾಖಲೆಯೂ ಇಲ್ಲದ ಇಂಥ ಬದುಕನ್ನು ಬರೆಯುವುದು ಹೇಗೆ?

ಉತ್ತರ 1 (ನಿವೃತ್ತ ಶಿಕ್ಷಕಿ, ಮಂಗಳೂರು)

ದಾಖಲೆ ಇಲ್ಲವೆಂದು ಅಷ್ಟು ಬೇಗ ತೀರ್ಮಾನಿಸಬೇಡಿ. ನಿಮ್ಮ ಸಭೆಯ ಸ್ತ್ರೀ ಸಂಘದ ನಡವಳಿ ಪುಸ್ತಕಗಳನ್ನೂ ಲೆಕ್ಕದ ಪುಸ್ತಕಗಳನ್ನೂ ಕೇಳಿ ನೋಡಿ. ಆದರೆ ಅಜ್ಜಿಯ ಹೆಸರನ್ನೇ ಹುಡುಕಿದರೆ ಸಿಗಲಾರದು. ಆ ಕಾಲದ ಪುಸ್ತಕಗಳಲ್ಲಿ ಹೆಂಗಸರ ಹೆಸರಿನ ಬದಲು "ಶ್ರೀಮತಿ" ಎಂದು ಬರೆದು ಗಂಡನ ಹೆಸರನ್ನು ಹಾಕುತ್ತಿದ್ದದ್ದು ಹೆಚ್ಚು. ನನ್ನ ತಾಯಿಯನ್ನು ನಾನು ಕಂಡುಕೊಂಡದ್ದು ಹಾಗೆಯೇ.

ನೀವು ಕೊನೆಗೆ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದ ಆ ಡಬ್ಬಿಯ ಬಳಿ ಸ್ವಲ್ಪ ನಿಲ್ಲಿ. ಅದು ಮುಷ್ಟಿ ಅಕ್ಕಿ. ತಿಂಗಳಿಗೊಮ್ಮೆ ಅದನ್ನು ದೇವಾಲಯಕ್ಕೆ ತಂದು ಅಳೆದು, ಮಾರಿ, ಬಂದ ಹಣವನ್ನು ಬಡ ಕುಟುಂಬಗಳಿಗೋ ಸುವಾರ್ತಾ ಕೆಲಸಕ್ಕೋ ಕೊಡುವ ಪದ್ಧತಿ ನಮ್ಮ ಸಭೆಯಲ್ಲಿಯೂ ಇತ್ತು. ಮಿಜೋರಾಂನ ಸಭೆಗಳಲ್ಲಿ ಇದೇ ಪದ್ಧತಿ 1910ರಿಂದ ನಡೆದು ಬಂದಿದೆ. ಅಲ್ಲಿ ಅದಕ್ಕೆ ಬುಹ್ಫಾಯ್ ಥಾಮ್ ಎನ್ನುತ್ತಾರೆ. ಒಂದು ಹಿಡಿ ಕುಚ್ಚಲಕ್ಕಿ ಸುಮಾರು 35 ಗ್ರಾಂ ಎಂದಿಟ್ಟುಕೊಳ್ಳಿ. ದಿನಕ್ಕೆ ಎರಡು ಹಿಡಿಯಾದರೆ ತಿಂಗಳಿಗೆ ಎರಡು ಕಿಲೋಗೆ ಕಡಿಮೆಯಿಲ್ಲ. 60 ವರ್ಷ ಸಂಸಾರ ನಡೆಸಿದವರ ಕೈಯಿಂದ ಹೀಗೆ ಹೋದದ್ದು ಹತ್ತಿರ ಹತ್ತಿರ 15 ಕ್ವಿಂಟಲ್ ಅಕ್ಕಿ. ಉತ್ಪ್ರೇಕ್ಷೆ ಬೇಡವೆಂದಿರಲ್ಲ, ಇದು ಬರಿಯ ಗುಣಾಕಾರ.

ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಮನೆಯ ದುಡ್ಡು ಗಂಡಸರ ಕಿಸೆಯಲ್ಲಿದ್ದ ಕಾಲದಲ್ಲಿ, ಯಾರನ್ನೂ ಕೇಳದೆ ಹೆಂಗಸು ತಾನಾಗಿ ಕೊಡಬಹುದಾಗಿದ್ದ ಕಾಣಿಕೆ ಅದೊಂದೇ ಆಗಿತ್ತು. ಭಾನುವಾರದ ಕಾಣಿಕೆ ಚೀಲಕ್ಕೆ ನನ್ನ ತಾಯಿ ಹಾಕುತ್ತಿದ್ದ ನಾಣ್ಯವನ್ನು ನನ್ನ ತಂದೆಯೇ ಎಣಿಸಿ ಕೊಡುತ್ತಿದ್ದರು. ಮುಷ್ಟಿ ಅಕ್ಕಿಯನ್ನು ಎಣಿಸಿದವರಿಲ್ಲ.

ಉತ್ತರ 2 (ಸ್ಥಳೀಯ ಚರಿತ್ರೆಯಲ್ಲಿ ಆಸಕ್ತಿಯುಳ್ಳವನು)

ದೀಕ್ಷಾಸ್ನಾನ, ದೃಢೀಕರಣ, ವಿವಾಹ, ಈ ಮೂರರ ರಿಜಿಸ್ಟರುಗಳನ್ನು ಸಭೆಯಲ್ಲಿಯೇ ನೋಡಿ. ಹಳೆಯ ಮಿಶನ್ ಕಾಗದಪತ್ರಗಳು ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನ ಸಂಗ್ರಹದಲ್ಲಿಯೂ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿಯೂ ಇವೆ. ಬಾಸೆಲ್ ಸಂಗ್ರಹದ ಹಳೆಯ ಛಾಯಾಚಿತ್ರಗಳನ್ನು ಅಂತರಜಾಲದಲ್ಲಿಯೇ ನೋಡಬಹುದು.

ಒಂದು ತಿದ್ದುಪಡಿಯನ್ನು ಸೂಚಿಸಬೇಕು. ನಿಮ್ಮ ಅಜ್ಜಿ ಹುಟ್ಟಿದ್ದು 1930ರ ಆಸುಪಾಸಿನಲ್ಲಿ. ಬಾಸೆಲ್ ಮಿಶನ್ ಮಂಗಳೂರಿಗೆ ಬಂದದ್ದು 1834ರಲ್ಲಿ, ಅದರ ಮೊದಲ ಹಂಚಿನ ಕಾರ್ಖಾನೆ ಆರಂಭವಾದದ್ದು 1865ರಲ್ಲಿ. ಆದರೆ ಮೊದಲ ಮಹಾಯುದ್ಧದ ಬಳಿಕ ಮಿಶನ್‌ನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಯ ಕೈಗೆ ಹೋದವು. ಹಾಗಾಗಿ ನಿಮ್ಮ ಮುತ್ತಜ್ಜ ದುಡಿದ ಜಾಗವನ್ನು ಮನೆಯವರು "ಮಿಶನ್ ಕಾರ್ಖಾನೆ" ಎನ್ನುತ್ತಿದ್ದರೂ, ಅಜ್ಜಿಯ ಬಾಲ್ಯಕ್ಕಾಗಲೇ ಅದು ಮಿಶನ್‌ನದಾಗಿ ಉಳಿದಿರಲಾರದು. ಇವಿಷ್ಟನ್ನೂ ಎರಡು ವಾಕ್ಯಗಳಲ್ಲಿ ಮುಗಿಸಿ. ಇಲ್ಲವಾದರೆ ಗಂಡಸರ ಚರಿತ್ರೆಯನ್ನು ತೆಗೆದು ಆ ಜಾಗದಲ್ಲಿ ಕಾರ್ಖಾನೆಯ ಚರಿತ್ರೆಯನ್ನು ತುಂಬಿದಂತಾಗುತ್ತದೆ.

ಉತ್ತರ 3 (ಧಾರವಾಡದಿಂದ)

ನನ್ನ ತಾಯಿಯ ಬಗ್ಗೆ ಬರೆದಾಗ ನಾನು ಮಾಡಿದ ತಪ್ಪನ್ನು ಹೇಳುತ್ತೇನೆ. ಎಲ್ಲರಂತೆ ಬೈಬಲ್ಲಿನ ಜ್ಞಾನೋಕ್ತಿಗಳ 31ನೆಯ ಅಧ್ಯಾಯವನ್ನೇ ಹಿಡಿದು, ಅಲ್ಲಿನ ಗುಣವತಿಯಾದ ಸ್ತ್ರೀಯ ಲಕ್ಷಣಗಳನ್ನು ಒಂದೊಂದಾಗಿ ತಾಯಿಗೆ ಹೊಂದಿಸುತ್ತ ಹೋದೆ. ಕೇಳಿದವರು ಮೆಚ್ಚಿದರು, ಅದರಲ್ಲಿ ನಮ್ಮ ತಾಯಿ ಇರಲಿಲ್ಲವೆಂದು ತಂಗಿ ಮನೆಗೆ ಬಂದ ಮೇಲೆ ಹೇಳಿದಳು. ಅಪೊಸ್ತಲರ ಕೃತ್ಯಗಳು 9ರಲ್ಲಿ ಯೊಪ್ಪದ ದೊರ್ಕ ಸತ್ತಾಗ ಅಲ್ಲಿನ ವಿಧವೆಯರು ಯೇಸುವಿನ ಶಿಷ್ಯ ಪೇತ್ರನ ಮುಂದೆ ಅವಳ ಗುಣಗಾನ ಮಾಡುತ್ತ ಕೂರಲಿಲ್ಲ. ಆಕೆ ತಮಗೆ ಹೊಲಿದುಕೊಟ್ಟ ಅಂಗಿಗಳನ್ನು ಅಳುತ್ತ ತೋರಿಸಿದರು. ನೀವೂ ಆ ಮೇಜಿನ ಬಟ್ಟೆಯನ್ನು ತೋರಿಸಿ, ಡಬ್ಬಿಯನ್ನು ತೋರಿಸಿ. ಅಜ್ಜಿಯ ತರಗತಿಯಲ್ಲಿ ಕೂತ ಮಕ್ಕಳು ಈಗ ಅರವತ್ತು ದಾಟಿರಬಹುದು. ಅವರನ್ನು ಹುಡುಕಿ, ಯಾವ ಗೀತೆಯನ್ನು ಕಲಿತದ್ದು ನೆನಪಿದೆ ಎಂದು ಕೇಳಿ.

ಅವರ ಬೇಸರವೂ ಬರಲಿ ಎಂಬುದು ನನ್ನ ಅಭಿಪ್ರಾಯ. ನಲವತ್ತು ವರ್ಷ ದೇವಾಲಯದ ಬೀಗದ ಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಡಾಡಿದ ನನ್ನ ತಾಯಿಯನ್ನು ಸಭಾ ಕಮಿಟಿಗೆ ಕರೆಯಬೇಕೆಂದು ಯಾರಿಗೂ ತೋಚಲಿಲ್ಲ. ಅವರು ಅದನ್ನು ನಗುತ್ತಲೇ ಹೇಳುತ್ತಿದ್ದರು, ಆದರೆ ಹೇಳದೆ ಬಿಡುತ್ತಿರಲಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞನಾಗಿದ್ದೇನೆ. ಕಳೆದ ವಾರ ಊರಿಗೆ ಹೋಗಿದ್ದೆ. ನಡವಳಿ ಪುಸ್ತಕಗಳಿಗೆ ಗೆದ್ದಲು ಹತ್ತಿದೆ, ಆದರೆ ಅಜ್ಜಿಯ ಗೀತ ಪುಸ್ತಕ ಸಿಕ್ಕಿತು. ಅದರ ಹಿಂದಿನ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ "ಮುಷ್ಟಿ ಅಕ್ಕಿ, ಸಾಲ" ಎಂಬ ತಲೆಬರಹ, ಕೆಳಗೆ ಸೇರಿನ ಲೆಕ್ಕದಲ್ಲಿ ಮೂರು ಸಾಲುಗಳು. ನನ್ನ ಸೋದರತ್ತೆ ವಿವರಿಸಿದಂತೆ, ಮೀನುಗಾರಿಕೆ ನಿಂತಿದ್ದ ಒಂದು ಮಳೆಗಾಲದಲ್ಲಿ ನೆರೆಮನೆಯ ಮಕ್ಕಳು ಹಸಿದಿರುವುದನ್ನು ಕಂಡು ಅಜ್ಜಿ ಆ ಡಬ್ಬಿಯ ಅಕ್ಕಿಯನ್ನೇ ತೆಗೆದು ಅನ್ನ ಮಾಡಿಕೊಟ್ಟರಂತೆ. ಅದು ದೇವರ ಅಕ್ಕಿಯಾದ್ದರಿಂದ ತಮ್ಮ ಹೆಸರಿಗೆ ಸಾಲ ಬರೆದುಕೊಂಡು, ತಮ್ಮ ಊಟದಲ್ಲಿ ಉಳಿಸಿ ತೀರಿಸಿದರಂತೆ.

ಮೊದಲ ಎರಡು ಸಾಲುಗಳ ಮೇಲೆ ಗೀಟು ಎಳೆದಿದೆ, ಮೂರನೆಯದರ ಮೇಲೆ ಇಲ್ಲ. ತೀರಿಸಿದ್ದರು, ಗೀಟು ಎಳೆಯಲು ಮರೆತಿರಬೇಕು ಎಂದು ಅತ್ತೆ ಹೇಳುತ್ತಾರೆ. ಅಜ್ಜಿ ಮರೆಯುವವರಲ್ಲ ಎಂದು ಅಮ್ಮ. ಆ ಪುಟವನ್ನು ಕೂಟದಲ್ಲಿ ಓದಬೇಕೆಂಬುದಕ್ಕೆ ಮಾತ್ರ ಇಬ್ಬರದೂ ಒಪ್ಪಿಗೆಯಿದೆ.