ಅಪ್‌ಡೇಟ್: ಪಕ್ಕದವರ ಸೌದೆ ಬಾಯ್ಲರ್ ಹೊಗೆ

ನಾವು ನ್ಯೂಯಾರ್ಕ್ ರಾಜ್ಯದ ಹಳ್ಳಿ ಕಡೆ ಇದ್ದೇವೆ, ಮನೆ ಬೆಚ್ಚಗಿಡಲು ಪಕ್ಕದವರು ಅಂಗಳದಲ್ಲಿಟ್ಟ ಸೌದೆ ಬಾಯ್ಲರ್ ಹೊಗೆ ಮಗಳ ರೂಮಿಗೇ ನುಗ್ಗುತ್ತದೆ, ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ. ನಿಯಮ ಓದಿದೆ. 2011ರಿಂದ ಇಲ್ಲಿ ಹೊಸದಾಗಿ ಹಾಕುವ ಮನೆ ಬಾಯ್ಲರ್ ಜಾಗದ ಗಡಿಯಿಂದ 100 ಅಡಿ ದೂರ ಇರಬೇಕು, ಚಿಮಣಿ ಕನಿಷ್ಠ 18 ಅಡಿ. ಅವರದು ಅದಕ್ಕಿಂತ ಹಳೆಯದು, ದೂರದ ನಿಯಮ ಅದಕ್ಕಿಲ್ಲ. ತುಂಬಾ ಬೇಜಾರಾಯ್ತು. ಆದರೆ ಕಸ, ಬಣ್ಣ ಬಳಿದ ಮರ ಸುಡಬಾರದು ಅನ್ನೋದು ಹಳೆಯದಕ್ಕೂ ಇದೆ.

ದೂರು ಕೊಡದೆ ನೇರ ಹೋಗಿ ಮಾತಾಡಿದೆ. ನಮ್ಮೂರ ಬಚ್ಚಲೊಲೆಗೂ ಹಸಿ ಸೌದೆ ತುರುಕಿದರೆ ಬರೀ ಹೊಗೆ. ಇದರಲ್ಲಿ ಬೆಂಕಿಯ ಸುತ್ತ ನೀರಿರುವುದರಿಂದ ಉರಿ ತಣ್ಣಗಾಗಿ ಇನ್ನೂ ಜಾಸ್ತಿ. ಈಗ ಒಣ ಸೌದೆಯನ್ನೇ ಹಾಕುತ್ತಿದ್ದಾರೆ, ಚಿಮಣಿಯನ್ನೂ ಎತ್ತರಿಸಿದರು. ಹೊಗೆ ಪೂರ್ತಿ ನಿಂತಿಲ್ಲ, ಆದರೆ ಮಗಳು ರಾತ್ರಿ ಕೆಮ್ಮದೆ ಮಲಗುತ್ತಿದ್ದಾಳೆ.