ಪಡುವಣ ಗಾಳಿ, ಪಡುವಣ ಸೆಳವು: ಎರಡೂ ಒಂದೇ ಕಡೆಗೆ ಸಾಗುತ್ತವೆಯೇ?

ಪ್ರಶ್ನೆ, ಮಂಜೇಶ್ವರದಿಂದ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ದಕ್ಷಿಣ ಕರಾವಳಿಯಿಂದ ಕಡಲು ದಾಟಿ ಫ್ರಾನ್ಸಿನ ಶೆರ್ಬೂರ್ಗ್ ಬಂದರಿಗೆ, ಮಕ್ಕಳನ್ನೂ ಕರೆದುಕೊಂಡು, ನಾಲ್ಕೈದು ದಿನದ ರಜೆಯಲ್ಲಿ ಹಾಯಿದೋಣಿಯಲ್ಲಿ ಹೋಗಿಬರುವುದು ಹೇಗೆಂದು ತಿಳಿಸುವ ಪುಟ್ಟ ಕೈಪಿಡಿಯೊಂದು ಕನ್ನಡಕ್ಕೆ ಬರಬೇಕಾಗಿದೆ. ನಿಘಂಟು ನೋಡಿ ಹಾಕಿದ ಕೆಲವು ಪದಗಳು ಸರಿಯಾಗಿ ಕೂರುತ್ತಿಲ್ಲ. ‘ಸ್ಪ್ರಿಂಗ್ ಟೈಡ್’ ಅಂದರೆ ವಸಂತದ ಉಬ್ಬರವೇ? ‘ವೆಸ್ಟರ್ಲಿ ವಿಂಡ್’, ‘ವೆಸ್ಟರ್ಲಿ ಸೆಟ್’ ಎರಡಕ್ಕೂ ‘ಪಡುವಣ’ ಎಂದು ಹಾಕಿದರೆ ಸಾಕೇ? ಗಾಳಿ ಹೆಚ್ಚಾದರೆ ‘ರೀಫ್’ ಹಾಕಿ ಎಂದಿದೆ. ರೀಫ್ ಅಂದರೆ ಹವಳದ ಬಂಡೆಯಲ್ಲವೇ? ‘ಈಸ್ ದ ಶೀಟ್’ ಎಂಬುದನ್ನು ‘ಹಾಯಿಬಟ್ಟೆ ಸಡಿಲಿಸಿ’ ಎಂದು ಬರೆದಾಗಿದೆ. ಬಂದರಿನ ಬಾಯಲ್ಲಿ ‘ಬಾರ್’ ಇದೆಯಂತೆ, ಅದೇನು? ತಿಳಿದವರು ಹೇಳಬೇಕು.

ಉತ್ತರ, ಕಾಸರಗೋಡು ಕಸಬದಿಂದ

ಮಾಷ್ಟ್ರೇ, ಎರಡನೆಯ ಪ್ರಶ್ನೆಯನ್ನೇ ಮೊದಲು ಹಿಡಿಯುತ್ತೇನೆ. ಬೇರೆ ಪದ ತಪ್ಪಿದರೆ ಓದುವವರಿಗೆ ಗೊಂದಲ. ಇದು ತಪ್ಪಿದರೆ ದೋಣಿಗೇ ಅಪಾಯ.

ಗಾಳಿಗೆ ಹೆಸರು ಬರುವುದು ಅದು ಎಲ್ಲಿಂದ ಬೀಸುತ್ತದೋ ಆ ದಿಕ್ಕಿನಿಂದ. ಸೆಳವಿಗೆ ಹೆಸರು ಬರುವುದು ಅದು ಎಲ್ಲಿಗೆ ಹರಿಯುತ್ತದೋ ಆ ದಿಕ್ಕಿನಿಂದ. ಪಡುವಣ ಗಾಳಿ ಮೂಡಣಕ್ಕೆ ಸಾಗುತ್ತದೆ, ‘ವೆಸ್ಟರ್ಲಿ ಸೆಟ್’ ಎಂದಾಗ ನೀರು ಪಡುವಣಕ್ಕೆ ಸಾಗುತ್ತದೆ. ಅಂದರೆ ಎರಡೂ ಎದುರುಬದುರು. ಎರಡಕ್ಕೂ ‘ಪಡುವಣ’ ಎಂದು ಬರೆದರೆ, ಗಾಳಿಯೂ ನೀರೂ ಜೊತೆಗೇ ಹೋಗುತ್ತವೆ, ಪಯಣ ಹಗುರ ಎಂದು ಓದುವವರು ತಿಳಿಯುತ್ತಾರೆ. ಆಗುವುದು ತದ್ವಿರುದ್ಧ: ಎದುರು ಬರುವ ನೀರಿನ ಮೇಲೆ ಗಾಳಿ ಬೀಸಿದರೆ ಅಲೆಗಳ ನಡುವಿನ ಅಂತರ ಕುಗ್ಗುತ್ತದೆ, ಎತ್ತರ ಏರುತ್ತದೆ, ಅಲೆಯ ಮೋರೆ ಗೋಡೆಯಂತೆ ಕಡಿದಾಗುತ್ತದೆ. ಸೆಳವು ತಿರುಗಿದ ಮೇಲೆ ಅದೇ ಗಾಳಿಯಲ್ಲೇ ಕಡಲು ಎಷ್ಟೋ ಸಮಾಧಾನಕ್ಕೆ ಬರುತ್ತದೆ. ಮಕ್ಕಳಿರುವ ದೋಣಿ ಯಾವ ಹೊತ್ತಿಗೆ ಹೊರಡಬೇಕು ಎಂಬುದು ಈ ಒಂದು ಮಾತಿನ ಮೇಲೆ ನಿಂತಿದೆ.

ಇದಕ್ಕೆ ಹೊಸ ಪದ ಕಟ್ಟಬೇಕಾಗಿಲ್ಲ, ವಿಭಕ್ತಿಪ್ರತ್ಯಯ ಸಾಕು. ಗಾಳಿಗೆ ಯಾವಾಗಲೂ ‘ಇಂದ’, ಸೆಳವಿಗೆ ಯಾವಾಗಲೂ ‘ಕ್ಕೆ’. ‘ಪಡುವಣದಿಂದ ಗಾಳಿ, ಪಡುವಣಕ್ಕೆ ಸೆಳವು.’ ಕೈಪಿಡಿಯುದ್ದಕ್ಕೂ ಇದನ್ನು ಬಿಡಬೇಡಿ. ನಮ್ಮ ಕಡಲಿಗೂ ಇದು ಅನ್ವಯಿಸುತ್ತದೆ: ಮಳೆಗಾಲದಲ್ಲಿ ಈ ಕರಾವಳಿಗುಂಟ ನೀರು ತೆಂಕಣಕ್ಕೆ ಹರಿಯುತ್ತದೆ, ಚಳಿಗಾಲದಲ್ಲಿ ಬಡಗಣಕ್ಕೆ. ‘ತೆಂಕಣ ನೀರು’ ಎಂದಷ್ಟೇ ಬರೆದರೆ ಎಲ್ಲಿಂದ, ಎಲ್ಲಿಗೆ ಎಂದು ಯಾರಿಗೂ ತಿಳಿಯದು. ‘ಪಶ್ಚಿಮಾಭಿಮುಖ ಪ್ರವಾಹ’ ತಪ್ಪಲ್ಲ, ಆದರೆ ಚುಕ್ಕಾಣಿ ಹಿಡಿದವನಿಗೆ ಕೂಗಿ ಹೇಳುವ ಮಾತಲ್ಲ.

ಇನ್ನು ಟೈಡ್. ಇಂಗ್ಲಿಷಿನವರು ನೀರು ಏರಿಳಿಯುವುದನ್ನೂ ಅಡ್ಡಡ್ಡ ಹರಿಯುವುದನ್ನೂ ಅದೇ ಪದದಲ್ಲಿ ಹೇಳಿಬಿಡುತ್ತಾರೆ. ನಾವು ಬೇರೆ ಮಾಡೋಣ: ಏರಿಳಿತಕ್ಕೆ ಭರತ-ಇಳಿತ, ಹರಿವಿಗೆ ಸೆಳವು. ಶೆರ್ಬೂರ್ಗ್‌ಗೆ ಸುಮಾರು 60 ನಾಟಿಕಲ್ ಮೈಲು. ದೋಣಿಯ ವೇಗ 5 ನಾಟ್ (ಗಂಟೆಗೆ 5 ನಾಟಿಕಲ್ ಮೈಲು) ಆದರೆ 12 ಗಂಟೆಯ ಹಾದಿ. ಸೆಳವು ಆರು ಗಂಟೆ ಚಿಲ್ಲರೆ ಮೂಡಣಕ್ಕೆ, ಮತ್ತೆ ಅಷ್ಟೇ ಹೊತ್ತು ಪಡುವಣಕ್ಕೆ. ಹಾಗಾಗಿ ಪಯಣದುದ್ದಕ್ಕೂ ಬಲಕ್ಕೆ ತಳ್ಳಿದ್ದೆಷ್ಟು, ಎಡಕ್ಕೆ ತಳ್ಳಿದ್ದೆಷ್ಟು ಎಂದು ಮೊದಲೇ ಕೂಡಿ ಕಳೆಯಬೇಕು. ಒಂದು ಕಡೆಗೆ 12 ಮೈಲು, ಇನ್ನೊಂದು ಕಡೆಗೆ 10 ಬಂದರೆ ಸರಿಪಡಿಸಬೇಕಾದ್ದು ಬರೀ 2 ಮೈಲು. ಆ ಲೆಕ್ಕಕ್ಕೆ ತಕ್ಕ ಒಂದೇ ಮುಖ (ದೋಣಿಯ ಮೂತಿ ನೋಡುವ ದಿಕ್ಕು) ಹಿಡಿದು ಹೋದರೆ ದೋಣಿಯ ಜಾಡು (ಅದು ನಿಜವಾಗಿ ಸಾಗಿದ ದಾರಿ) ನಕ್ಷೆಯಲ್ಲಿ ಹಾವಿನಂತೆ ಬಳುಕುತ್ತದೆ, ಅದು ಸರಿಯೇ. ಮೊಬೈಲಿನ ಗೆರೆಯ ಮೇಲೇ ಇರಬೇಕೆಂದು ಗಂಟೆಗಂಟೆಗೂ ಸೆಳವಿನ ವಿರುದ್ಧ ಗುದ್ದಾಡಿದರೆ ಹೊತ್ತು ಹಾಳು. ಕೊನೆಗೆ ಬಂದರಿನ ಸೆಳವಿನ ಮೇಲ್ಗಡೆಗೆ ಬಂದು ತಲುಪುವಂತೆ ಲೆಕ್ಕ ಹಾಕಬೇಕು. ಕೆಳಗಡೆಗೆ ಜಾರಿದರೆ 3 ನಾಟ್ ಸೆಳವಿಗೆ ಎದುರಾಗಿ 5 ನಾಟ್ ದೋಣಿ ಮುಂದೆ ಸರಿಯುವುದು 2 ನಾಟ್ ಮಾತ್ರ.

ಸ್ಪ್ರಿಂಗ್ ಟೈಡಿಗೂ ವಸಂತಕ್ಕೂ ಸಂಬಂಧವಿಲ್ಲ. ಅಮಾವಾಸ್ಯೆ, ಹುಣ್ಣಿಮೆ ಕಳೆದು ಒಂದೆರಡು ದಿನದಲ್ಲಿ ಬರುವ ದೊಡ್ಡ ಭರತ ಅದು, ತಿಂಗಳಿಗೆ ಎರಡು ಸಲ, ವರ್ಷವಿಡೀ. ನಮ್ಮೂರಲ್ಲಿ ಮಲಯಾಳದ ‘ವಾವು’ ಎಲ್ಲರಿಗೂ ಗೊತ್ತು. ಅಮಾವಾಸ್ಯೆಯೂ ವಾವೇ, ಹುಣ್ಣಿಮೆಯೂ ವಾವೇ. ಅವರಲ್ಲಿ ದೊಡ್ಡ ಭರತ ‘ವಾವುವೇಲಿ’, ಚಿಕ್ಕದು ‘ಸಪ್ತಮಿವೇಲಿ’. ವೇಲಿಯನ್ನು ಹಾಗೇ ತಂದರೆ ಕನ್ನಡದವರಿಗೆ ಬೇಲಿ ನೆನಪಾಗುತ್ತದೆ. ‘ವಾವುಭರತ’, ‘ಸಪ್ತಮಿಭರತ’ ಎಂದರೆ ತಿಥಿಯೂ ಹೆಸರಿನಲ್ಲೇ ಬಂತು. ಪಂಚಾಂಗ ನೋಡುವ ಮನೆಯಲ್ಲಿ ಬೇರೆ ವಿವರಣೆ ಬೇಡ. ಮರಾಠಿಯವರಿಗೂ ‘ಉಧಾಣ’, ‘ಭಾಂಗ’ ಎಂಬ ಬೇರೆಬೇರೆ ಪದಗಳಿವೆ.

ಈ ವ್ಯತ್ಯಾಸ ಯಾಕೆ ಮುಖ್ಯ? ಮಂಗಳೂರು ಕಡೆ ಭರತಕ್ಕೂ ಇಳಿತಕ್ಕೂ ಇರುವ ಅಂತರ ಒಂದೂವರೆ ಮೀಟರ್ ಆಸುಪಾಸು. ಶೆರ್ಬೂರ್ಗ್‌ನಲ್ಲಿ ವಾವಿಗೆ 5 ಮೀಟರ್ ದಾಟುತ್ತದೆ, ಅಲ್ಲಿಂದ ತೆಂಕಣದ ಸೇಂಟ್ ಮಾಲೋದಲ್ಲಿ 12 ಮೀಟರ್. ಆಲ್ಡರ್ನಿ ದ್ವೀಪದ ಬಳಿಯ ಇಕ್ಕಟ್ಟಿನಲ್ಲಿ ವಾವಿನ ಸೆಳವು 8 ನಾಟ್ ಮುಟ್ಟುತ್ತದೆ. 5 ನಾಟ್ ದೋಣಿ ಅಲ್ಲಿ ಹಿಮ್ಮುಖ ಹೋಗುತ್ತದೆ. ಆದ್ದರಿಂದ ಮಕ್ಕಳೊಡನೆ ಹೊರಡುವವರು ಸಪ್ತಮಿಯ ವಾರದಲ್ಲಿ ರಜೆ ಹಾಕುವುದು ಒಳ್ಳೆಯದು. ಸೆಳವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. ಲಂಗರಿನ ಲೆಕ್ಕವೂ ಇದರಲ್ಲೇ ಸೇರಿದೆ. ಇಳಿತದಲ್ಲಿ 3 ಮೀಟರ್ ಆಳ ಕಂಡು ನಾಲ್ಕು ಪಟ್ಟು, 12 ಮೀಟರ್ ಸರಪಳಿ ಬಿಟ್ಟರೆ ಸಾಲದು. ಭರತ 6 ಮೀಟರ್ ಏರುವ ಕಡೆ ಆಳ 9 ಆಗುತ್ತದೆ, ಆಗ 36 ಮೀಟರ್ ಬೇಕು. ಇಲ್ಲದಿದ್ದರೆ ನಡುರಾತ್ರಿ ಲಂಗರು ಕಿತ್ತು ದೋಣಿ ತೇಲಿಹೋಗುತ್ತದೆ. ಏರುವುದೂ ಒಂದೇ ಸಮನಲ್ಲ: ಆರು ಗಂಟೆಯಲ್ಲಿ ಹನ್ನೆರಡು ಪಾಲು ಮಾಡಿದರೆ ಕ್ರಮವಾಗಿ 1, 2, 3, 3, 2, 1. ನಡುವಿನ ಎರಡು ಗಂಟೆಯಲ್ಲೇ ಅರ್ಧ ನೀರು ಬಂದುಬಿಡುತ್ತದೆ.

‘ಬಾರ್’ ಎಂದರೆ ಅಳಿವೆಯ ಮರಳದಿಣ್ಣೆ. ಚಂದ್ರಗಿರಿ, ಶಿರಿಯ ಅಳಿವೆಗಳನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. ನೀರು ಹೊರಗೆ ಇಳಿಯುವಾಗ ಕಡಲಿಂದ ಗಾಳಿ ಬೀಸಿದರೆ ದಿಣ್ಣೆಯ ಮೇಲೆ ಅಲೆ ಒಡೆಯುತ್ತದೆ. ಭರತದ ಕೊನೆಯ ಒಂದೆರಡು ಗಂಟೆಯಲ್ಲೇ ಒಳಗೆ ಬರಬೇಕು.

ರೀಫ್, ಶೀಟ್ ಎರಡನ್ನೂ ತಿದ್ದಲೇಬೇಕು. ಇಲ್ಲಿ ರೀಫ್ ಅಂದರೆ ಹಾಯಿಯ ಮಡಿಪು, ಶೀಟ್ ಅಂದರೆ ಹಗ್ಗ. ಹಾಯಿಯ ಕೋನವನ್ನು ಹಿಡಿತದಲ್ಲಿಡುವ ಹಗ್ಗ ಅದಾದ್ದರಿಂದ ‘ಹಿಡಿಹಗ್ಗ’ ಎನ್ನೋಣ. ಹಾಯಿ ಏರಿಸುವ ಹಗ್ಗ ‘ಎತ್ತುಹಗ್ಗ’. ಗಾಳಿ ಒಮ್ಮೆಲೇ ಹೊಡೆದು ದೋಣಿ ವಾಲಿದಾಗ ಹಿಡಿಹಗ್ಗ ಸಡಿಲ ಬಿಟ್ಟರೆ ಕ್ಷಣದಲ್ಲಿ ನೆಟ್ಟಗಾಗುತ್ತದೆ. ‘ಹಾಯಿಬಟ್ಟೆ ಸಡಿಲಿಸಿ’ ಎಂದು ಓದಿದವರು ಎತ್ತುಹಗ್ಗಕ್ಕೆ ಕೈಹಾಕಬಹುದು, ಆಗ ಹಾಯಿ ಅರ್ಧ ಕುಸಿದು ನೀರಿಗೆ ಬೀಳುತ್ತದೆ. ಮಡಿಪು ಹಾಕುವ ಕ್ರಮ ಹೀಗೆ: ಹಿಡಿಹಗ್ಗ ಸಡಿಲಿಸಿ, ಎತ್ತುಹಗ್ಗ ಬಿಟ್ಟು ಹಾಯಿಯನ್ನು ಒಂದಷ್ಟು ಇಳಿಸಿ, ಕಂಬದ ಬದಿಯ ಉಂಗುರವನ್ನು ಕೊಕ್ಕೆಗೆ ಸಿಕ್ಕಿಸಿ, ಎತ್ತುಹಗ್ಗ ಮತ್ತೆ ಬಿಗಿ ಮಾಡಿ, ಆಮೇಲೆ ಹಿಂದಿನ ಮೂಲೆಯ ಹಗ್ಗ ಎಳೆದು ಕಟ್ಟಿ, ಕೊನೆಗೆ ಹಿಡಿಹಗ್ಗ ಎಳೆಯಿರಿ. ಹಿಂದಿನ ಮೂಲೆಯನ್ನು ಮೊದಲೇ ಬಿಗಿದರೆ ಹಾಯಿ ಮೇಲೇರದೆ ಹರಿದುಹೋಗುತ್ತದೆ. ‘ಹಾಯಿ’ ನಮ್ಮದೇ ಪದ. ತುಳುವಿನ ಪಾಯಿ, ಮಲಯಾಳದ ಪಾಯ, ಹಾಲು-ಪಾಲಿನ ಹಾಗೆ.

ಸೇರಿಸಬೇಕಾದ್ದು, ಕುಂಬಳೆಯಿಂದ

ಅಣ್ಣ ‘ಮುಖ’, ‘ಜಾಡು’ ಎಂದು ಬೇರೆ ಮಾಡಿದ್ದು ತುಂಬಾ ಒಳ್ಳೆಯದಾಯಿತು. ಹಡಗುಗಳಿಗೆ ಗೆರೆ ಹಾಕಿಕೊಟ್ಟ ದಾರಿಗಳನ್ನು ಲಂಬಕೋನದಲ್ಲಿ ದಾಟಬೇಕೆಂದು 1972ರ ಅಂತರರಾಷ್ಟ್ರೀಯ ಕಡಲ ನಿಯಮಗಳ 10ನೆಯ ನಿಯಮ ಹೇಳುತ್ತದೆ. ಲಂಬವಾಗಿರಬೇಕಾದ್ದು ದೋಣಿಯ ಮುಖ. ಜಾಡು ಸೆಳವಿಗೆ ಓರೆಯಾದರೂ ಅಡ್ಡಿಯಿಲ್ಲ. ಎರಡಕ್ಕೂ ‘ದಿಕ್ಕು’ ಎಂದು ಬರೆದರೆ ಜಾಡು ನೇರ ಮಾಡಲು ಹೋಗಿ ದೋಣಿ ಹಡಗುದಾರಿಯಲ್ಲೇ ಹೆಚ್ಚು ಹೊತ್ತು ಉಳಿಯುತ್ತದೆ.

ಇನ್ನೊಂದು, ‘ಜೀವರಕ್ಷಕ ಕವಚ’ ಎಂಬ ಪದ. ಅದು ಎರಡು ಬೇರೆಬೇರೆ ವಸ್ತುಗಳನ್ನು ಒಂದು ಮಾಡಿಬಿಡುತ್ತದೆ. 150 ನ್ಯೂಟನ್‌ನ (ತೇಲಿಸುವ ಬಲದ ಅಳತೆ ಅದು) ಲೈಫ್ ಜಾಕೆಟ್ ಪ್ರಜ್ಞೆ ತಪ್ಪಿದವರನ್ನೂ ಅಂಗಾತ ಮಾಡಿ ಬಾಯಿ ನೀರಿಂದ ಮೇಲೆ ಹಿಡಿಯುವಂತೆ ಮಾಡಿದ್ದು. 50 ನ್ಯೂಟನ್‌ನದು ಈಜು ಬಲ್ಲವರಿಗೆ ತೇಲಲು ನೆರವು ಮಾತ್ರ. ಎರಡನೆಯದಕ್ಕೆ ‘ತೇಲಂಗಿ’ ಎನ್ನೋಣ, ಮೊದಲನೆಯದು ಲೈಫ್ ಜಾಕೆಟ್ ಎಂದೇ ಇರಲಿ. ಮಕ್ಕಳದಕ್ಕೆ ತೊಡೆಸಂದಿನ ಪಟ್ಟಿ ಕಟ್ಟಲೇಬೇಕು, ಇಲ್ಲದಿದ್ದರೆ ನೀರಿಗೆ ಬಿದ್ದಾಗ ತಲೆಯ ಮೇಲಿಂದ ಕಳಚಿಹೋಗುತ್ತದೆ. ಮತ್ತೆ ‘ಗಂಟೆಗೆ 5 ನಾಟ್’ ಎಂದು ಎಲ್ಲೂ ಬರೆಯಬೇಡಿ. ಗಂಟೆಗೆ 1852 ಮೀಟರ್ ಎಂಬುದೇ ಒಂದು ನಾಟ್.

ಮಂಜೇಶ್ವರದಿಂದ ಮತ್ತೆ

ಇಬ್ಬರಿಗೂ ವಂದನೆ. ಹೊರಡುವ ದಿನದ ವಾಕ್ಯ ಈಗ ಹೀಗಿದೆ, ನೋಡಿ ಹೇಳಿ: ‘ಸಪ್ತಮಿಭರತದ ವಾರದಲ್ಲಿ ಹೊರಡಿ. ಪಡುವಣದಿಂದ 15 ನಾಟ್ ಗಾಳಿಯಿದ್ದು ಸೆಳವು ಪಡುವಣಕ್ಕೆ ತಿರುಗುವ ಹೊತ್ತಾಗಿದ್ದರೆ, ಬಂದರು ಬಿಡುವ ಮೊದಲೇ ಒಂದು ಮಡಿಪು ಹಾಕಿ, ಹಿಡಿಹಗ್ಗದ ಬಳಿ ಒಬ್ಬ ದೊಡ್ಡವರು ಕೂತಿರಲಿ.’